ಬಾವಿ ತೋಡಿದವರ ಹೆಸರು ಪಟ್ಟಿಯಲ್ಲಿರಲಿಲ್ಲ

ಊರು ಮುಳುಗಿದ ದಿನ ಊರಿನ ಹಿರಿಯರು ಊರಲ್ಲಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಿಟ್ಟು ಅಲ್ಲಿಂದಲೇ ಶುರುವಾಗುತ್ತದೆ.

ನಮ್ಮ ಊರು ವಡಗೇರಾದ ಕಡೆ, ಭೀಮಾ ನದಿಯ ದಂಡೆಗೆ ಅಂಟಿಕೊಂಡಿತ್ತು. ನಿಜಾಮರ ಆಳ್ವಿಕೆ ಹೋಗಿ ಎರಡೋ ಮೂರೋ ವರ್ಷವಾಗಿತ್ತು. ಚಾವಡಿಯ ಮೇಲಿನ ಬಾವುಟ ಬದಲಾಗಿತ್ತು, ಚಾವಡಿಯಲ್ಲಿ ಕೂರುವವರು ಬದಲಾಗಿರಲಿಲ್ಲ. ನಾನಾಗ ಹದಿನಾಲ್ಕರ ಹುಡುಗಿ. ನಾವು ಅಂಬಿಗರು, ಅಪ್ಪ ಹರಿಗೋಲು ನಡೆಸುತ್ತಿದ್ದ. ಆವತ್ತು ಸುರಪುರದ ಪಕ್ಕದ ರಂಗಂಪೇಟೆಯಲ್ಲಿ ಗೌಡರ ಬೀಗರ ಮನೆಯಲ್ಲಿ ತೀರಿಕೊಂಡವರ ದಿನದ ಊಟವಿತ್ತು. ಗೌಡರು, ಅವರ ಮಗ, ನನ್ನ ಕಾಕಾ, ಊರಲ್ಲಿ ಮಾತು ನಡೆಯುವ ಗಂಡಸರೆಲ್ಲ ಹಿಂದಿನ ದಿನವೇ ಗಾಡಿ ಕಟ್ಟಿಕೊಂಡು ಸುರಪುರದ ದಾರಿ ಹಿಡಿದಿದ್ದರು.

ಅವ್ವ ರೊಟ್ಟಿ ಬಡಿಯುವ ಹೊತ್ತಿಗೆ ನೀರು ಬಂತು. ನಮ್ಮಲ್ಲಿ ಹನಿ ಮಳೆ ಇರಲಿಲ್ಲ. ಮೇಲೆಲ್ಲೋ ಸುರಿದ ಮಳೆ ನಮ್ಮ ಹೊಸ್ತಿಲು ಹುಡುಕಿಕೊಂಡು ಬಂದಿತ್ತು. ಅವ್ವ ನನ್ನನ್ನು ಹೊರಗೆ ನೂಕಿ, ಕಣ್ಣು ಕಾಣದ ಅಜ್ಜಿಯನ್ನು ಕರೆತರಲು ಒಳಗೆ ಹೋದಳು. ಮಣ್ಣಿನ ಮನೆ ನಿಂತಲ್ಲೇ ಕುಸಿಯಿತು. ಹರಿಗೋಲು ತರುತ್ತೇನೆಂದು ಅಪ್ಪ ದಂಡೆಗೆ ಓಡಿದ್ದ. ಅವನೂ ಬರಲಿಲ್ಲ, ಹರಿಗೋಲೂ ಬರಲಿಲ್ಲ.

ಊರ ನಡುವೆ ಹಳೆಯ ಬುರುಜೊಂದಿತ್ತು. ಅದರ ಮೆಟ್ಟಿಲುಗಳು ಎಂದೋ ಉದುರಿಹೋಗಿದ್ದವು. ಎದೆಮಟ್ಟದ ನೀರಿನಲ್ಲಿ ಅದರ ಬುಡ ಮುಟ್ಟಿದಾಗ ಮೇಲಿನಿಂದ ಒಂದು ಹಗ್ಗ ಬಂದು ನನ್ನ ಮುಖಕ್ಕೆ ಬಡಿಯಿತು. "ಪಟ್ಟುಕೋ! ಪಟ್ಟುಕೋ!" ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ನನಗೆ ತಿಳಿಯಲಿಲ್ಲ. ಹಿಂದಿನಿಂದ ಒಬ್ಬ ಹುಡುಗಿ ನನ್ನ ಕೈಯನ್ನು ಹಗ್ಗಕ್ಕೆ ಒತ್ತಿ, "ರಸ್ಸಿ ಪಕಡ್ ಗೇ! ಹಿಡಿ, ಗಟ್ಟಿ ಹಿಡಿ!" ಎಂದಳು.

ಹಗ್ಗ ಎಸೆದವನು ವಡ್ಡರ ಪೈಕಿಯ ಹದಿನೆಂಟರ ಯುವಕ. ಗುರುಮಠಕಲ್ ಕಡೆಯಿಂದ ಕಲ್ಲು ಒಡೆಯುವ ಕೆಲಸಕ್ಕೆ ಬಂದ ಅವನ ಮಂದಿಯೆಲ್ಲ ಹಳ್ಳದ ದಂಡೆಯ ಗುಡಾರಗಳಲ್ಲಿದ್ದರು. ಒಬ್ಬರೂ ಉಳಿಯಲಿಲ್ಲ. ಅವನನ್ನು ನಾನು ಆಮೇಲೆ ಅಣ್ಣ ಎಂದೇ ಕರೆದೆ. ಹಿಂದೆ ನಿಂತು ನನ್ನನ್ನು ಮೇಲೆ ದೂಡಿದವಳು ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಅವಳು ನನಗೆ ಆಪಾ, ಅವರ ಮಾತಿನಲ್ಲಿ ಅಕ್ಕ. ಅವಳ ತಾಯಿ, ತಮ್ಮ ಇಬ್ಬರೂ ನೀರುಪಾಲಾಗಿದ್ದರು. ತಂದೆ ಬೆಂಕಿ ಊದುವ ತಿದಿ ಹೊತ್ತುಕೊಂಡು ಯಾದಗಿರಿಗೆ ಕೆಲಸಕ್ಕೆ ಹೋಗಿದ್ದರಿಂದ ಬದುಕಿದ್ದರು. ಅಂಥ ಗಡಿಬಿಡಿಯಲ್ಲೂ ಆಪಾ ಒಂದು ತಾಮ್ರದ ಗಡಿಗೆಗೆ ಮನೆಯಲ್ಲಿದ್ದ ಒಣ ರೊಟ್ಟಿಯನ್ನೆಲ್ಲ ತುಂಬಿ ತಂದಿದ್ದಳು.

ಊರಲ್ಲಿದ್ದವರಲ್ಲಿ ಬುರುಜು ಹತ್ತಿದ ನಾವು ಹನ್ನೊಂದು ಜೀವ ಮಾತ್ರ ಉಳಿದೆವು. ಇಪ್ಪತ್ತು ದಾಟಿದವರು ಒಬ್ಬರೂ ಇರಲಿಲ್ಲ. ಹಗ್ಗ ಹಿಡಿದು ಹತ್ತುವ ಕಸುವು ಎಳೆಯರಿಗಷ್ಟೇ ಇತ್ತು. ಗೌಡರ ಸೊಸೆ ಕೂಸನ್ನು ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ಹತ್ತಿದ್ದಳು. ಅವಳಿಗೂ ನನ್ನಷ್ಟೇ ವಯಸ್ಸೆಂದು ನನಗೆ ಗೊತ್ತಾದದ್ದು ಅಲ್ಲಿಯೇ. ಎರಡು ದಿನ ಆಪಾ ರೊಟ್ಟಿಯನ್ನು ಮುರಿದು ಮುರಿದು ಕೊಟ್ಟಳು. ಕೂಸಿಗೆ ಹಾಲು ಬೇಕೆಂದು ಗೌಡರ ಸೊಸೆಗೆ ಒಂದು ತುಣುಕು ಹೆಚ್ಚು. ನೀನು ಯಾವ ಪೈಕಿ ಎಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ವಡಗೇರಾ ಕಡೆಯ ಹರಿಗೋಲುಗಳು ಬಂದು ನಮ್ಮನ್ನು ಇಳಿಸಿದವು. ಒಂದು ಸಾಲೆಯ ಅಂಗಳದಲ್ಲಿ ಗಂಜಿ ಬೇಯುತ್ತಿತ್ತು. ಹಿರಿಯರೂ ಅಷ್ಟರಲ್ಲಿ ಬಂದು ಮುಟ್ಟಿದ್ದರು. ಅತ್ತರು, ಎದೆ ಬಡಿದುಕೊಂಡರು. ಅದು ಸುಳ್ಳೆನ್ನುವುದಿಲ್ಲ. ಆದರೆ ಅಳು ಮುಗಿದ ಕೂಡಲೇ ಅವರು ಮಾಡಿದ ಮೊದಲ ಕೆಲಸ ನಮ್ಮನ್ನು ಬೇರೆ ಬೇರೆ ಸಾಲಿನಲ್ಲಿ ಕೂರಿಸಿದ್ದು. ನಾನು ಆಪಾಳ ಕೈ ಹಿಡಿದು ನಿಂತಿದ್ದೆ. ಗೌಡರು ಬಂದು, "ನೀ ಈ ಕಡಿ ಬಾ. ಆಕಿ ಆ ಕಡಿ ಕೂಡ್ತಾಳ," ಎಂದರು. ಬಟ್ಟೆಗೆ ಹೊಳೆಯ ಒಂದು ಹನಿ ತಾಗದ ಮನುಷ್ಯ, ಹೊಳೆಯಿಂದ ಎದ್ದು ಬಂದವರಿಗೆ ಜಾಗ ತೋರಿಸುತ್ತಿದ್ದ. ಅಣ್ಣನನ್ನು ಬೇಲಿಯ ಆಚೆ ಕೂರಿಸಿದರು.

ಹೊಸ ಊರಿಗೆ ಸರ್ಕಾರ ಹೊಳೆಯಿಂದ ಮೈಲಿ ದೂರದ ದಿಬ್ಬ ಕೊಟ್ಟಿತು. ಅಲ್ಲಿ ಎಲ್ಲ ಇತ್ತು, ನೀರಿರಲಿಲ್ಲ. ಅಣ್ಣ ಮೂರು ದಿನ ದಿಬ್ಬ ಸುತ್ತಿ, ಕಲ್ಲು ತಟ್ಟಿ ನೋಡಿ ಒಂದು ಕಡೆ ಕೂತ. "ಇಲ್ಲಿ ತೋಡೂನು. ಕೆಳಗ ಕಲ್ಲು ಸೀಳ್ಯದ. ನೀರು ಬರ್ತದ," ಎಂದ. ದಸರೆಗೆ ಶುರು ಮಾಡಿದೆವು. ಬುರುಜಿನ ಮೇಲಿದ್ದವರಲ್ಲಿ ಗೌಡರ ಸೊಸೆ, ಕೂಸು ಬಿಟ್ಟರೆ ಉಳಿದ ಒಂಬತ್ತು ಮಂದಿಯೂ ತೋಡಿದೆವು. ಕರಿಮಣ್ಣು ಮುಗಿದು ಗರಸು, ಗರಸು ಮುಗಿದು ಬಂಡೆ. ಅಣ್ಣ ಕೆಳಗಿಂದ ತುಂಬಿಕೊಡುತ್ತಿದ್ದ, ಆಪಾ ಮತ್ತು ನಾನು ಬುಟ್ಟಿ ಹೊರುತ್ತಿದ್ದೆವು. ಹೆಗಲ ಚರ್ಮ ಸುಲಿಯಿತು. ಅಣ್ಣ ತೆಲುಗಿನಲ್ಲಿ ಬೈಯುವುದನ್ನು ನಾವಿಬ್ಬರೂ ಕಲಿತೆವು. ಅವ್ವ ಸತ್ತ ಮೇಲೆ ನಾನು ನಕ್ಕದ್ದು ಆ ಗುಂಡಿಯ ಬಾಯಲ್ಲೇ. ಹಿರಿಯರು ನೆರಳಲ್ಲಿ ಕೂತು ನೋಡುತ್ತಿದ್ದರು, ಬೇಡ ಎನ್ನಲಿಲ್ಲ.

ದೀಪಾವಳಿ ದಾಟಿದ ಮೇಲೆ ಒಂದು ಬೆಳಿಗ್ಗೆ ಬಂಡೆಯ ಸೀಳಿನಿಂದ ನೀರು ಚಿಮ್ಮಿತು. ಅಣ್ಣ ಕೆಳಗೆ ಮೊಣಕಾಲುಮಟ್ಟ ನೀರಲ್ಲಿ ನಿಂತು ಕೂಗುತ್ತಿದ್ದ. ಮೊದಲ ಕೊಡ ಮೇಲೆ ಬಂತು, ನಾನು ಬೊಗಸೆಯಲ್ಲಿ ಹಿಡಿದು ಬಾಯಿಗಿಟ್ಟೆ. ಅಷ್ಟರಲ್ಲಿ ಗೌಡರು ತೆಂಗಿನಕಾಯಿ, ಕುಂಕುಮ ಹಿಡಿಸಿಕೊಂಡು ಬಂದರು. ಬಾವಿಯ ಅಂಚಿಗೆ ಬಗ್ಗಿ, "ಏ, ನೀ ಇನ್ನ ಮ್ಯಾಲ ಬಾ," ಎಂದರು. "ಪೂಜಾ ಆದ ಮ್ಯಾಲ ಒಳಗ ಇಳೀಬ್ಯಾಡ, ಹಗ್ಗಾನೂ ಮುಟ್ಟಬ್ಯಾಡ. ನೀರು ಬೇಕಂದ್ರ ಯಾರರ ಮ್ಯಾಲಿಂದ ಸುರೀತಾರ." ಆಮೇಲೆ ಆಪಾಳ ಕಡೆ ತಿರುಗಿ, "ನಿಮ್ಮ ಮಂದೀಗೂ ಅದಽ ಮಾತು," ಎಂದರು.

ಅಣ್ಣ ಮೇಲೆ ಬಂದ. ಕೆಸರಿನ ಕೈಯನ್ನು ತೊಡೆಗೆ ಒರೆಸಿಕೊಂಡ. ನನ್ನ ಬಾಯಲ್ಲಿ ಆ ನೀರು ಇನ್ನೂ ಇತ್ತು. ನಾನು ಅದನ್ನು ಉಗುಳಬೇಕಿತ್ತು. ಉಗುಳಲಿಲ್ಲ, ನುಂಗಿದೆ. ಗೌಡರ ಮೇಲಿನ ಸಿಟ್ಟಿನಷ್ಟೇ ನನ್ನ ಮೇಲಿನ ಸಿಟ್ಟೂ ಇವತ್ತಿಗೂ ಹಾಗೇ ಇದೆ.

ಮರುದಿನ ಕಂದಾಯದ ಗಿರ್ದಾವರ ಬಂದು ದಿಬ್ಬದ ಮೇಲೆ ಸುಣ್ಣದ ಗೆರೆ ಎಳೆಸಿದ. ಮನೆ ಜಾಗ ಸಿಕ್ಕವರ ಹೆಸರು ಓದಿದ. ಅಣ್ಣನ ಹೆಸರಿಲ್ಲ, ಆಪಾಳ ತಂದೆಯ ಹೆಸರಿಲ್ಲ. ಪಟ್ಟಿಯ ಕೆಳಗೆ ಊರಿನ ಪಂಚರು ಎಂದು ಐದು ಹೆಬ್ಬೆಟ್ಟು. ಅದರಲ್ಲೊಂದು ನನ್ನ ಕಾಕಾನದು. ಅವನು ರೊಟ್ಟಿ ತಿನ್ನಲು ಕೂತಾಗ ಎದುರಿಗೆ ಹೋಗಿ ನಿಂತೆ.

"ಕಾಕಾ, ಆಪಾನ ಮನಿ ಹೆಸರು ಯಾಕಿಲ್ಲ?"

"ಅವ್ರು ಹೈದ್ರಾಬಾದಿಗೆ ಹೋಗ್ತಾರಂತ. ಅವ್ರ ರಾಜ್ಯ ಮುಗೀತಲ್ಲ."

"ಯಾರು ಹೇಳ್ಯಾರ? ಆಕಿ ಹೇಳ್ಯಾಳೇನು?"

"ಗೌಡ್ರು ಹೇಳ್ಯಾರ."

"ಮತ್ತ ಅಣ್ಣ?"

"ಅಂವ ಈ ಊರಾಂವ ಅಲ್ಲ. ಇವತ್ತ ಇಲ್ಲಿ, ನಾಳಿ ಎಲ್ಲೋ."

"ನನ್ನ ನೀರಾಗಿಂದ ಎಳದಾಂವ ಅಂವ. ಆವತ್ತ ನೀ ಎಲ್ಲಿದ್ದಿ?"

ಕಾಕಾ ಎದ್ದು ನನ್ನ ಕೆನ್ನೆಗೆ ಬಾರಿಸಿದ.

ಯಾರ ರಾಜ್ಯ? ಆಪಾಳ ತಂದೆ ಊರೂರಿಗೆ ತಿದಿ ಹೊತ್ತು, ಮಂದಿಯ ಮನೆಯ ಕಪ್ಪು ಪಾತ್ರೆ ಬೆಳ್ಳಗೆ ಮಾಡಿ ಹೊಟ್ಟೆ ಹೊರೆದವರು. ಯಾದಗಿರಿಯ ಸ್ಟೇಷನ್ನಿನ ಆಚೆ ಕಾಲಿಟ್ಟವರಲ್ಲ. ಹೈದರಾಬಾದು ಯಾವ ದಿಕ್ಕಿಗಿದೆ ಎಂದು ಕೇಳಿದರೆ ರೈಲು ಹೋಗುವ ಕಡೆ ಕೈ ತೋರಿಸುತ್ತಿದ್ದರು, ಅಷ್ಟೇ. ಅವರಾದರೋ ಪಟ್ಟಿಯ ಸುದ್ದಿ ಕೇಳಿ ಗಂಟು ಕಟ್ಟತೊಡಗಿದರು. ಆಪಾ ಆ ಗಂಟು ಬಿಚ್ಚಿ ತಂದೆಗೆ, "ಅಬ್ಬಾ, ಅಮ್ಮಿ ಇದಽ ಮಣ್ಣಾಗ ಹೋಗ್ಯಾಳ. ನಾ ಎಲ್ಲೀಗೂ ಬರಂಗಿಲ್ಲ," ಎಂದಳು.

ಅರ್ಜಿ ಕೊಡುವುದೆಂದು ನಿಶ್ಚಯಿಸಿದೆವು. ನಮ್ಮಲ್ಲಿ ಬರೆಯಲು ಬರುತ್ತಿದ್ದವಳು ಆಪಾ ಒಬ್ಬಳೇ, ಅದೂ ಉರ್ದು. ನಾವು ಹನ್ನೊಂದು ಜನ ಒಂದೇ ಕಡೆ ಬದುಕಿದೆವು, ಬಾವಿಯನ್ನು ಕೂಡಿ ತೋಡಿದೆವು, ಈ ಎರಡು ಮನೆಗಳಿಗೂ ನಮ್ಮ ಜೊತೆ ಜಾಗ ಕೊಡಿ, ಬಾವಿ ಎಲ್ಲರದಾಗಲಿ ಎಂದು ಬರೆದಳು. ಪರಿಹಾರದ ಉಸ್ತುವಾರಿಗೆ ಬಂದ ಅಧಿಕಾರಿಯೊಬ್ಬರು ಶಹಾಪುರದ ದಾರಿಯ ಬಂಗಲೆಯೊಂದರಲ್ಲಿ ಇಳಿದುಕೊಂಡಿದ್ದರು. ಆಪಾ, ಅಣ್ಣ, ನಾನು ನಸುಕಿನಲ್ಲಿ ಎದ್ದು ನಡೆದೆವು.

ಅಧಿಕಾರಿ ಮದ್ರಾಸಿನ ಕಡೆಯಿಂದ ಬಂದವರು. ಕನ್ನಡ ಬರುತ್ತಿತ್ತು, ಉರ್ದು ಬರುತ್ತಿರಲಿಲ್ಲ. ಅರ್ಜಿಯನ್ನು ತಮ್ಮ ಕಾರಕೂನನಿಗೆ ಕೊಟ್ಟರು. ಅವನು ಮೇಲಿಂದ ಕೆಳಗಿನವರೆಗೆ ಕಣ್ಣಾಡಿಸಿ, "ಗಂಜಿ ಇನ್ನೂ ಸ್ವಲ್ಪ ದಿನ ಬೇಕಂತ್ರಿ ಸಾಹೇಬ್ರ. ಜ್ವಾಳ ಕೇಳಾಕತ್ತಾರ," ಎಂದ.

ಆಪಾ ಮುಂದೆ ಬಂದಳು. "ಹಂಗ ಬರದಿಲ್ರಿ ಅದು."

ಕಾರಕೂನ ಕೆಂಪಾದ. "ಇನ್ನೂ ಉರ್ದೂದಾಗ ಅರ್ಜಿ ಬರ್ಕೊಂಡು ಬರ್ತೀರಿ. ಈಗ ಯಾರ ರಾಜ್ಯ ಅದ ಗೊತ್ತಿಲ್ಲೇನು?"

"ನಿನ್ನಿ ಮೊನ್ನಿ ತನಾ ನೀವೂ ಇದರಾಗಽ ಬರೀತಿದ್ರಿ," ಎಂದಳು ಆಪಾ. "ಅದಕ್ಕಽ ಓದಾಕ ಬಂತು ನಿಮಗ. ಬರದದ್ದು ಬರದಂಗ ಹೇಳ್ರಿ. ಇಲ್ಲಾಂದ್ರ ಇಲ್ಲಿ ಕೊಡ್ರಿ, ನಾ ಹೇಳ್ತೀನಿ."

ಅಧಿಕಾರಿ ಕಾಗದವನ್ನು ಅವಳಿಗೆ ಕೊಡಿಸಿದರು. ಅವಳು ಒಂದೊಂದೇ ಸಾಲು ಉರ್ದುವಿನಲ್ಲಿ ಓದಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ತಾಯಿ, ತಮ್ಮ ಹೋದ ಸಾಲಿನಲ್ಲಿ ಮಾತ್ರ ಉರ್ದು ಓದಿ ನಿಂತುಬಿಟ್ಟಳು. ಆ ಸಾಲನ್ನು ಕನ್ನಡದಲ್ಲಿ ನಾನು ಹೇಳಿದೆ. ಅಣ್ಣ ನೆಲ ನೋಡುತ್ತ ನಿಂತಿದ್ದ.

ಅಧಿಕಾರಿ ಒಳ್ಳೆಯವರೇ. ಎರಡು ಜಾಗಗಳಿಗೆ ಅಲ್ಲೇ ಹುಕುಂ ಬರೆದರು. ಬಾವಿಯ ಮಾತು ಬಂದಾಗ ಮಾತ್ರ ಪೆನ್ನು ಕೆಳಗಿಟ್ಟು, "ಅದನ್ನು ಊರಿನವರೇ ಕೂತು ಮಾತಾಡಿಕೊಳ್ಳಿ," ಎಂದರು. ಸುಣ್ಣದ ಗೆರೆಗೆ ಸರ್ಕಾರ, ನೀರಿಗೆ ಗೌಡರು! ನೀರು ಕಿತ್ತುಕೊಂಡವರನ್ನೇ ನೀರು ಕೇಳಿರಿ ಎಂದ ಹಾಗಾಯಿತು. ದಾರಿಯುದ್ದಕ್ಕೂ ನಾನು ಕುದಿಯುತ್ತ ಬಂದೆ.

ಊರ ಹತ್ತಿರ ಬಂದಾಗ ಅಣ್ಣ ನಿಂತು ಕೇಳಿದ, "ಊರಾಗ ನೀರು ತರೋರು ಯಾರು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನೀರು ತರುವವರು ನಾವು ಹುಡುಗಿಯರೇ ಆಗಿದ್ದೆವು. ದೊಡ್ಡ ಹೆಂಗಸರೆಲ್ಲ ಹೊಳೆಪಾಲಾದ ಮೇಲೆ ಪ್ರತಿ ಮನೆಯ ಕೊಡವೂ ಉಳಿದುಬಂದ ಹುಡುಗಿಯರ ಸೊಂಟದ ಮೇಲೇ ಇತ್ತು.

ಮರುದಿನದಿಂದ ಒಬ್ಬಳೂ ಆ ಬಾವಿಗೆ ಹೋಗಲಿಲ್ಲ. ನಮಗೆ ಬೇಕಾದಷ್ಟನ್ನು ಮೈಲಿ ನಡೆದು ಹೊಳೆಯಿಂದ ತಂದುಕೊಂಡೆವು. ಗಂಡಸರಿಗೆ ಹೇಳಿದೆವು, "ಸೇದ್ಕೊಳ್ರಿ." ಕೊಡ ಹೊರುವುದು ಗಂಡಸರ ಮರ್ಯಾದೆಗೆ ಕುಂದು. ಎರಡು ದಿನ ಮೀಸೆ ತಿರುವಿದರು, ಮೂರನೆಯ ದಿನ ಬೈದರು. ನಾಲ್ಕನೆಯ ದಿನ ಗೌಡರು ಹಗಲು ಹೊರಗೆ ಬಾರದ ಸೊಸೆಯ ಕೈಗೆ ಕೊಡ ಕೊಟ್ಟು ಹಗಲಲ್ಲೇ ಬಾವಿಗೆ ಕಳಿಸಿದರು. ತಮ್ಮ ಮನೆಯ ಹೆಣ್ಣು ಸೇದಿದರೆ ನಮ್ಮ ಹಟ ಮುರಿಯುತ್ತದೆಂದು ಅವರ ಲೆಕ್ಕ. ತಾವೂ ಹಿಂದೆ ಬಂದರು.

ಅವಳು ಬಾವಿಯ ಕಟ್ಟೆಯವರೆಗೆ ಬಂದಳು. ಕೊಡ ಕೆಳಗಿಟ್ಟಳು. ಮುಖದ ಮೇಲಿನ ಸೆರಗು ತೆಗೆಯದೆಯೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಮಾವಾರ, ಬುರುಜಿನ ಮ್ಯಾಲ ಎರಡು ದಿನ ನಾ ಆಪಾನ ಗಡಿಗ್ಯಾಗಿನ ರೊಟ್ಟಿ ತಿಂದೀನಿ. ಅದಽ ಹಾಲಾಗ ನಿಮ್ಮ ಮೊಮ್ಮಗ ಉಳದಾನ. ಮೈಲಿಗಿ ಆಗಿದ್ರ ನಿಮ್ಮ ಮನಿ ಆವತ್ತಽ ಆಗ್ಯದ. ನೀರಿನ್ಯಾಗ ಏನ್ ಹುಡುಕ್ತೀರಿ?"

ಆ ಊರಲ್ಲಿ ಯಾವ ಸೊಸೆಯೂ ಯಾವ ಮಾವನಿಗೂ ಹಾಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗೌಡರು ತಿರುಗಿ ಮನೆ ಕಡೆ ನಡೆದರು. ಆಪಾ ಮುಂದೆ ಹೋಗಿ ಹಗ್ಗ ಹಿಡಿದು, ಗೌಡರ ಸೊಸೆಯ ಕೊಡಕ್ಕೆ ನೀರು ಸೇದಿ ಹಾಕಿದಳು. ಆಮೇಲೆ ಅಣ್ಣ ಸೇದಿದ. ಯಾರೂ ತಡೆಯಲಿಲ್ಲ. ತಪ್ಪಾಯಿತು ಎಂದೂ ಯಾರೂ ಹೇಳಲಿಲ್ಲ.

ಹುಕುಮಿನ ಎರಡು ಜಾಗಗಳನ್ನು ಹಳ್ಳದ ಅಂಚಿಗೆ, ಎಲ್ಲರಿಗಿಂತ ಕೆಳಗೆ ಅಳೆದುಕೊಟ್ಟರು. ನಾವು ಕೂಡಿಯೇ ಗೋಡೆ ಎಬ್ಬಿಸಿದೆವು. ಕಲ್ಲಿನ ಕೆಲಸ ಅಣ್ಣನದು, ಮಣ್ಣು ತುಳಿದವರು ನಾವು. ಅಂಚಿಗೆ ಕೊಟ್ಟರೆಂದು ಅಣ್ಣ ಅಡಿಪಾಯವನ್ನು ಆಳಕ್ಕೆ ಹಾಕಿದ. ಮುಂದೆ ಅವನು ಆ ಮನೆಯಲ್ಲೇ ಮದುವೆಯಾಗಿ ನಿಂತ. ಆಪಾ ಮದುವೆಯಾಗಿ ಯಾದಗಿರಿಗೆ ಹೋಗುವವರೆಗೆ ಪಕ್ಕದ ಮನೆಯಲ್ಲಿದ್ದಳು. ಸಾಲೆಗೆ ಕನ್ನಡ ಬಂದಾಗ ನಾವಿಬ್ಬರೂ ಒಂದೇ ಪಾಟಿಯ ಮೇಲೆ ಅ, ಆ ತಿದ್ದಿದೆವು. ನಾನು ಮುಂದೆ ಸಾಲೆಯಲ್ಲಿ ಕಲಿಸುವ ಬಾಯಾರು ಆದೆ.

ಕಾಕಾ ನನ್ನನ್ನು ಸಾಕಿದ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ವಯಸ್ಸಾದ ಮೇಲೆ ಬೀಗರು ಯಾರಾದರೂ ಬಂದರೆ ಕಟ್ಟೆಯ ಮೇಲೆ ಕೂತು, "ಆವಾಗ ನಾವೆಲ್ಲಾ ಒಂದಽ ಮನಿಯವರಂಗ ಕೂಡಿ ಈ ಊರು ಕಟ್ಟಿವಿ ನೋಡ್ರಿ," ಎನ್ನುತ್ತಿದ್ದ. ಒಮ್ಮೆ ನಾನು ಚಹಾ ಕೊಡುತ್ತಿದ್ದವಳು ಅಲ್ಲೇ ನಿಂತೆ.

"ಕಾಕಾ, ನಿನ್ನ ಹೆಬ್ಬೆಟ್ಟು ಎಲ್ಲಿತ್ತು, ಅದನ್ನೂ ಹೇಳು."

ಬೀಗರು ನನ್ನ ಮುಖ ನೋಡಿದರು. ಕಾಕಾ, "ಹಳೀ ಮಾತು ಯಾಕ ತಂಗಿ," ಎಂದು ಚಹಾದ ಬಟ್ಟಲಿಗೆ ಕೈ ಚಾಚಿದ. ನಾನು ಕೊಡಲಿಲ್ಲ. ಅವನು ಹೇಳಲೂ ಇಲ್ಲ.