ಮಾಯಮ್ಮನ ಮನೆ ಮುಂದಿನ ಕಾಂಕ್ರೀಟು

ಕೊತ್ತತ್ತಿ ಕಡೆಗೆ ಹೋಗುವ ದಾರಿಯಲ್ಲಿ, ನಾಲೆ ಪಕ್ಕದ ಒಂದು ಹಳ್ಳಿಯಲ್ಲಿ ಮಾಯಮ್ಮನ ಮನೆ. ಅವಳು ಮದುವೆಯಾಗಿ ಬಂದಾಗ ಆ ಮನೆಗೆ ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಈಗ ಬೀದಿಯಿಂದ ಒಳಕ್ಕೆ ಇಳಿಯಬೇಕು. ಮನೆಯೇನೂ ಕುಸಿದಿಲ್ಲ, ಬೀದಿ ಬೆಳೆದಿದೆ. ಎಲ್ಲೋ ಪರದೇಶದಲ್ಲಿ ಬ್ಯಾಂಕುಗಳು ಮುಳುಗಿ ಇಲ್ಲೂ ವ್ಯಾಪಾರ ಕುಗ್ಗಿದ ಕಾಲಕ್ಕೆ ಸರ್ಕಾರದ ರಸ್ತೆ ಒಂದು ಪದರ ಬಿತ್ತು. ಕೊರೊನಾ ವರ್ಷ ಅದರ ಮೇಲೆ ಇನ್ನೊಂದು, ದಪ್ಪನೆಯದು. ಲೋಕದ ವ್ಯವಹಾರ ಬಿದ್ದಾಗಲೆಲ್ಲ ಮಾಯಮ್ಮನ ಬೀದಿ ಏಳುತ್ತದೆ, ಏನು ಮಾಡುವುದು?

ಅವಳ ಗಂಡ ಚಲುವರಾಜು ಆಲೆಮನೆಯಲ್ಲಿ ಬೆಲ್ಲದ ಪಾಕ ಇಳಿಸುವವನು. ಕೊರೊನಾ ವರ್ಷ ಬೆಲ್ಲ ಕೇಳುವವರಿಲ್ಲದೆ ಆಲೆಮನೆಯ ಒಲೆ ಆರಿತು. ಹೆಂಗಸರನ್ನು ಮದ್ದೂರಿನ ಗಾರ್ಮೆಂಟ್ಸಿಗೆ ಕರೆದೊಯ್ಯುತ್ತಿದ್ದ ವ್ಯಾನೂ ನಿಂತಿತು. ಆಗ ಸರ್ಕಾರ, ಜನರ ಕೈಯಲ್ಲಿ ದುಡ್ಡು ಓಡಾಡಲಿ ಎಂದು ಲಕ್ಷ ಲಕ್ಷ ಕೋಟಿ ಖರ್ಚು ಮಾಡುತ್ತೇವೆಂದಿತು. ಟೀವಿ ಮುಂದೆ ಕೂತಿದ್ದ ಚಲುವರಾಜು, "ಅಷ್ಟೊಂದ್ ದುಡ್ಡ ಇಷ್ಟ್ ದಿನ ಎಲ್ ಮಡಗಿದ್ರಂತೆ?" ಎಂದ. ಅವನ ಹಳ್ಳಿಗೆ ಆ ದುಡ್ಡು ಬಂದದ್ದು ಸಿಮೆಂಟಾಗಿ. ಮಾರ್ಚ್ ತಿಂಗಳೊಳಗೆ ಮುಗಿಸಬೇಕೆಂಬ ಅವಸರ ಬೇರೆ. ಹಳೆ ರಸ್ತೆ ಅಗೆದು ತೆಗೆಯಲು ಪುರುಸೊತ್ತೆಲ್ಲಿ? ಅದರ ಮೇಲೆಯೇ ಸುರಿದರು. ಸುಳ್ಳು ಹೇಳಬಾರದು, ಆ ಕೆಲಸ ಬಾರದೇ ಇದ್ದಿದ್ದರೆ ಬೀದಿಯಲ್ಲಿ ಎಷ್ಟೋ ಮನೆಗಳ ಒಲೆ ಹೊತ್ತುತ್ತಿರಲಿಲ್ಲ. ಚಲುವರಾಜುವೂ ತಲೆಗೆ ಟವೆಲ್ಲು ಸುತ್ತಿ ಜಲ್ಲಿ ಹೊತ್ತ.

ಎಡವಟ್ಟು ಮಾಡಿಕೊಂಡವರು ಬೀದಿಯವರೇ. ಸಗಣಿ ಸಾರಿಸಿ ಕಣ ಮಾಡುವ ವ್ಯವಧಾನ ಈಗ ಯಾರಿಗಿದೆ? ಭತ್ತ ಒಣಗಿಸುವುದು, ರಾಗಿ ಹರಡುವುದು, ಹುರುಳಿ ಒಕ್ಕುವುದು ಎಲ್ಲವೂ ರಸ್ತೆಯ ಮೇಲೆ. ಹಾಗಾಗಿ ಕಾಂಕ್ರೀಟನ್ನು ತಮ್ಮ ತಮ್ಮ ಗೋಡೆಗೆ ಮುಟ್ಟುವ ಹಾಗೆ ಹಾಕಿಸಿಕೊಳ್ಳಲು ಮನೆಮನೆಯವರೂ ಮುಗಿಬಿದ್ದರು. ಮೇಸ್ತ್ರಿ ಯತೀಶ್ ಒಂದು ಮಾತು ಹೇಳಿದ್ದ: "ಚರಂಡಿ ಮುಚ್ಚೋಯ್ತದೆ ಕಣಕ್ಕ."

"ಓದ್ರೆ ಓಗ್ಲಿ ಬುಡಪ್ಪ. ಅದ್ರಲ್ಲಿ ಸೊಳ್ಳೆ ಬುಟ್ರೆ ಇನ್ನೇನದೆ? ರಾಗಿ ಅರಡಕ್ಕೆ ಜಾಗಾಯ್ತದೆ," ಎಂದು ಮಾಯಮ್ಮ ಅವನಿಗೆ ಇನ್ನೊಂದು ಲೋಟ ಟೀ ಕೊಟ್ಟಿದ್ದಳು.

ಬೀದಿಯ ಉಳಿದ ಮನೆಗಳು ತಾರಸಿಯವು, ಎತ್ತರದ ಪಾಯದವು. ಮಾಯಮ್ಮನದು ಮಣ್ಣು ಗೋಡೆಯ ಹೆಂಚಿನ ಮನೆ, ತಗ್ಗಿನಲ್ಲಿತ್ತು. ಮೊದಲ ದೊಡ್ಡ ಮಳೆಗೇ ಬೀದಿಯ ನೀರೆಲ್ಲ ನೆಂಟರ ಹಾಗೆ ಸೀದಾ ನಡುಮನೆಗೆ ಬಂತು. ಸಿಮೆಂಟು ಕಟ್ಟಿ ಹೊಸಿಲು ಎತ್ತರಿಸಿದರು. ಒಳಗೆ ಬರುವವರ ತಲೆ ಬಾಗಿಲಿನ ಮೇಲ್ಪಟ್ಟಿಗೆ ಬಡಿಯತೊಡಗಿತೇ ಹೊರತು ನೀರು ನಿಲ್ಲಲಿಲ್ಲ, ಗೋಡೆಯ ಬುಡದಿಂದ ಜಿನುಗಿತು. ಹೇಗೋ ವರ್ಷ ತಳ್ಳಿದರು.

ಈ ವರ್ಷ ಮಾತ್ರ ತಳ್ಳುವ ಹಾಗಿರಲಿಲ್ಲ. ಮಳವಳ್ಳಿಗೆ ಕೊಟ್ಟಿದ್ದ ಮಗಳು ಚಂದನ ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ತಾಯಿಯಿಲ್ಲದ ಮಾಯಮ್ಮನಿಗೆ ಬಾಣಂತನವಾಗಿದ್ದು ಅತ್ತೆ ಮನೆಯಲ್ಲಿ. ಒಂದು ಚೊಂಬು ಬಿಸಿನೀರಿಗೂ ಇನ್ನೊಬ್ಬರ ಮುಖ ನೋಡಿಕೊಂಡು ಮಲಗಿದ್ದ ಆ ದಿನಗಳನ್ನು ಅವಳು ಮರೆತಿರಲಿಲ್ಲ. ಮಗಳಿಗೆ ಹಾಗಾಗಕೂಡದು ಎಂಬುದೊಂದೇ ಅವಳ ಹಟ. ಆದರೆ ಬಾಣಂತಿಯನ್ನು ಬೆಚ್ಚಗೆ ಮಲಗಿಸಬೇಕಾದ ಕೋಣೆಯಲ್ಲಿ ನೆಲ ಕಾಲಿಗೆ ತಣ್ಣಗೆ ಅಂಟುತ್ತಿತ್ತು, ಗೋಡೆಗೆ ಬೂಸ್ಟು ಹಿಡಿದಿತ್ತು.

ಪಂಚಾಯ್ತಿ ಆಫೀಸಿಗೆ ಹೋಗಿ ಚರಂಡಿ ತೆಗೆಸಿಕೊಡಿ ಎಂದು ಕೇಳಿದಳು. ಅಲ್ಲಿನ ಅಧಿಕಾರಿ ಜಯಪ್ರಕಾಶ್ ಕೆಟ್ಟವನಲ್ಲ, ಕೂರಿಸಿಯೇ ಮಾತಾಡಿಸಿದ. "ಆ ವರ್ಷ ಯಾಕಯ್ಯ ಖರ್ಚು ಮಾಡ್ಲಿಲ್ಲ ಅಂತ ಮೇಲ್ನೋರು ಬೈಯೋರು ಕಣಮ್ಮ. ಈಗ ಯಾಕಯ್ಯ ಖರ್ಚು ಮಾಡ್ತೀಯ ಅಂತ ಬೈತಾರೆ. ದುಡ್ಡಿಲ್ಲ. ಇದ್ರೂವೆ, ಗಟ್ಟಿಮುಟ್ಟಾಗಿರೋ ರಸ್ತೆ ಒಡೀಬೇಕು ಅಂತ ನಾನ್ ಯೆಂಗ್ ಕೇಳ್ಲಿ?"

ಪಕ್ಕದ ಮನೆಯ ಶಿವನಂಜಮ್ಮ ವಿಷಯ ತಿಳಿದು ಬೀದಿಗೆ ಬಂದು ನಿಂತಳು. "ನಿನ್ನೊಬ್ಳಿಗೋಸ್ಕರ ರಸ್ತೆ ಒಡೆದ್ರೆ ನಾವ್ ರಾಗಿ ಎಲ್ ಒಣಾಕನ?" ಮಾಯಮ್ಮ ಏನು ತಾನೇ ಹೇಳಿಯಾಳು? ಅದೇ ರಾಗಿಗಾಗಿ ತಾನೂ ಚರಂಡಿ ಮುಚ್ಚಿಸಿದ್ದವಳು.

ಒಂದು ಬೆಳಿಗ್ಗೆ ಚಲುವರಾಜು ಯಾರನ್ನೂ ಕೇಳದೆ ಹಾರೆ ತಂದು ಮನೆ ಮುಂದೆ ಕುಟ್ಟಿದ. ಹಾರೆ ಟಣ್ಣೆಂದು ಚಿಮ್ಮಿತು. ಅಂಗೈಯಲ್ಲಿ ಬೊಬ್ಬೆ ಬರುವವರೆಗೆ ಕುಟ್ಟಿದರೂ ಬಿಳಿ ಗುರುತು ಬಿಟ್ಟು ಏನೂ ಏಳಲಿಲ್ಲ. "ಅದ ಆಕಿರೋನು ನಾನೇ ಕಣೆ. ಚೆಂದಾಗೇ ಆಕಿವ್ನಿ," ಎಂದು ಅಲ್ಲೇ ಕುಕ್ಕರಿಸಿದ.

ತಿಂಗಳು ತುಂಬುತ್ತಿದ್ದಂತೆ ಬೀಗಿತ್ತಿ ಹೊಂಬಾಳಮ್ಮ ಸೊಸೆಯನ್ನು ಬಾಡಿಗೆ ಕಾರಿನಲ್ಲಿ ಕರೆತಂದಳು. ಮಾಯಮ್ಮ ಕೋಣೆಗೆ ಮರಳು ಹರಡಿ, ಮೇಲೆ ತಾಡಪಾಲು ಹಾಸಿ, ಕೆಂಡವಿಟ್ಟು ಬೆಚ್ಚಗೆ ಮಾಡಿದ್ದಳು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಳೆ ಹೊಡೆಯಿತು. ಗೋಡೆಯ ಬುಡದಿಂದ ನೀರು ಬಂದು ತಾಡಪಾಲಿನ ಅಡಿ ಸೇರಿತು, ಕೆಂಡ ಚುಂಯ್ ಎಂದು ಆರಿತು. ಚಂದನ ಕಾಲು ಮೇಲೆತ್ತಿಕೊಂಡು ಮಂಚದ ಮೇಲೆ ಕೂತಳು.

ಹೊಂಬಾಳಮ್ಮ ಕೊಂಕು ಮಾತಾಡುತ್ತಾಳೆ ಎಂದು ಮಾಯಮ್ಮ ಕಾದಳು. ಆಡಿದ್ದರೆ ಜಗಳವಾದರೂ ಆಡಬಹುದಿತ್ತು. ಆ ಯಮ್ಮ ಸೀರೆ ಎತ್ತಿ ಕಟ್ಟಿ, ಒಂದು ತಟ್ಟೆ ತೆಗೆದುಕೊಂಡು, ಮಾಯಮ್ಮನ ಜೊತೆ ನೀರು ಬಾಚಿ ಬಕೆಟ್ಟಿಗೆ ತುಂಬತೊಡಗಿದಳು. ಬಾಚಿದಷ್ಟೂ ಬಂತು.

"ನಾನು ಇಲ್ಲೇ ಇರ್ತೀನಿ ಕಣವ್ವ," ಎಂದಳು ಚಂದನ.

ಮಾಯಮ್ಮ ಮಗಳ ಕಡೆ ನೋಡಲಿಲ್ಲ. "ಅಕ್ಕ, ಕರ್ಕೊಂಡೋಗ್ಬುಡಿ," ಎಂದಳು ಬೀಗಿತ್ತಿಗೆ. "ಮಗೀಗೆ ಸೀತ ಆಯ್ತದೆ." ಆ ಮಾತು ಆಡಿದ ಬಾಯಿ ತನ್ನದೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ.

ಮಳೆ ನಿಂತ ಮೇಲೆ ಕಾರು ಹೊರಟಿತು. ಚಂದನ ಕಿಟಕಿಯಿಂದ ಕೈ ಹೊರಗೆ ಚಾಚಿಯೇ ಇದ್ದಳು. ತೊಳೆದಿಟ್ಟಂತಿದ್ದ ರಸ್ತೆಯ ಮೇಲೆ, ತುಂಬು ಬಸುರಿ ಕೂತಿದ್ದ ಕಾರು ಒಂದಿಷ್ಟೂ ಕುಲುಕದೆ ತಿರುವು ದಾಟಿತು. ಆ ರಸ್ತೆಯನ್ನು ಬಾಯಿತುಂಬ ಬೈಯಬೇಕೆಂದು ನಿಂತಿದ್ದ ಮಾಯಮ್ಮನಿಗೆ ಬೈಯಲೂ ಆಗಲಿಲ್ಲ.