ಚಾದರದ ಮೇಲೆ ಬಿದ್ದ ಖಾಲಿ ತೋಟಾಗಳು

ಬೆಳಗಿನ ಆರೂಮುಕ್ಕಾಲು. ಕ್ಲಬ್ಬಿನವರು ಗುಂಡು ಹಾರಿಸುವ ಹಳೆಯ ಕಲ್ಲು ಕ್ವಾರಿಯ ಹುಲ್ಲು ಇನ್ನೂ ಒದ್ದೆ. ಅರವತ್ತೆಂಟರ ವ್ರತಿಸ್ಲಾವ್ ಹುದೆಚೆಕ್ ಮಂಡಿಯೂರಿ ಬಿಳಿ ಚಾದರ ಹಾಸುತ್ತಿದ್ದಾರೆ. ನಾಲ್ಕು ಮೂಲೆಗೂ ಕಲ್ಲು, ಅಡ್ಡಕ್ಕೆ ಇದ್ದಿಲಿನ ಮೂರು ಗೆರೆ.

“ನಮ್ಮಮ್ಮ ಮದುವೇಲಿ ಕೊಟ್ಟ ಚಾದರ ರೀ ಅದು!” ಕಾರಿನೊಳಗಿಂದ ಹೆಂಡತಿ ಕ್ವ್ಯೇತಾ ಕೂಗುತ್ತಾರೆ.

“ಅದಕ್ಕೇ ಕಣೇ ಇಷ್ಟು ದಿನ ಬಾಳಿಕೆ ಬಂದಿರೋದು!”

ಚೆಕ್ ದೇಶದ ಮೊರಾವಿಯಾದಲ್ಲಿರುವ ನಮ್ಮ ಪಿಸ್ತೂಲು ಕ್ಲಬ್ಬಿನ ಗೋಡೆ ತುಂಬ ಗೆದ್ದವರ ಫೋಟೊಗಳಿವೆ. ಅವರ ಪಿಸ್ತೂಲುಗಳ ಒಳಗಿನ ಸ್ಪ್ರಿಂಗ್ ಸುತ್ತಿದ ವ್ರತಿಸ್ಲಾವ್ ಮಾತ್ರ ಒಂದರಲ್ಲೂ ಇಲ್ಲ. ಮೂವತ್ತೊಂದು ವರ್ಷ ಅವರು ಕಾರ್ಖಾನೆಯಲ್ಲಿ ತಂತಿ ಸುತ್ತಿದರು. ಒಮ್ಮೆ ಸಿಡಿದ ತಂತಿ ಎಡಗೈಯ ಎರಡು ಬೆರಳಿನ ಸ್ಪರ್ಶವನ್ನೇ ಕಸಿಯಿತು. ಆಮೇಲೆ ಆ ವಿಭಾಗವೇ ಮುಚ್ಚಿದಾಗ, ಆರು ವರ್ಷ ದೊಡ್ಡ ಅಂಗಡಿಯೊಂದರ ಕಾರು ನಿಲ್ದಾಣಕ್ಕೆ ಕಾವಲಿದ್ದರು. ಈಗ ಮನೆಯ ಹಿಂದೆ, ಮೊಲದ ಗೂಡುಗಳ ಪಕ್ಕದ ಶೆಡ್ಡಿನಲ್ಲಿ ದಿನಕ್ಕೆ ಎಂಟು ಸ್ಪ್ರಿಂಗ್ ಸುತ್ತುತ್ತಾರೆ. ಮನಸ್ಸಿಗೆ ಒಪ್ಪದ ಐದನ್ನು ತಾವೇ ಎಸೆಯುತ್ತಾರೆ.

ಯಾರ್ಮಿಲಾ ಬರುತ್ತಾರೆ. ಶಾಲೆಯ ಅಡುಗೆಯವರು, ಹತ್ತೊಂಬತ್ತು ವರ್ಷದಿಂದ ಕ್ಲಬ್ಬಿನ ತಂಡದಲ್ಲಿದ್ದಾರೆ. ಮಾರ್ಚಿನಲ್ಲಿ ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಗಿದೆ. ಒಂಬತ್ತಕ್ಕೆ ಆಯ್ಕೆಯ ಸ್ಪರ್ಧೆ. ಮೊದಲ ನಾಲ್ವರಿಗಷ್ಟೇ ತಂಡದಲ್ಲಿ ಜಾಗ.

“ಇವತ್ತು ಆಗ್ಲಿಲ್ಲ ಅಂದ್ರೆ ಪಿಸ್ತೂಲು ಮಾರ್ಬಿಡ್ತೀನಿ ಮಾಮ,” ಅನ್ನುತ್ತಾರೆ. “ಏಟು ಕಡಿಮೆ ಆಗ್ಲಿ ಅಂತ ಅಂಗಡೀಲಿದ್ದ ಅತೀ ಗಟ್ಟಿ ಸ್ಪ್ರಿಂಗ್ ಹಾಕಿದೀನಿ. ಆದ್ರೂ ಕೈ ಸೀಳಿ ಹೋಗುತ್ತೆ.”

“ಹೊಡಿ ನೋಡೋಣ.”

ಕಿವಿಗೆ ಮುಚ್ಚಳ. ಮೂರು ಗುಂಡು. ವ್ರತಿಸ್ಲಾವ್ ಗುರಿಹಲಗೆಯ ಕಡೆ ತಿರುಗಿಯೂ ನೋಡುವುದಿಲ್ಲ. ಅವರ ಕಣ್ಣು ಚಾದರದ ಮೇಲೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ತೋಟಾ ಹತ್ತಿರ ಬೀಳುತ್ತದೆ, ಸಡಿಲವಾದಷ್ಟೂ ದೂರ. ಖಾಲಿ ತೋಟಾಗಳು ಮೊದಲ ಗೆರೆಯನ್ನೂ ದಾಟದೆ ಯಾರ್ಮಿಲಾರ ಕಾಲಬುಡದಲ್ಲೇ ಉದುರಿವೆ. ಇನ್ನೊಂದು ಗುಂಡು ಹೊಡೆದರೆ ಅದರ ತೋಟಾ ಹೊರಬರಲಾಗದೆ ಪಿಸ್ತೂಲಿನ ಪಕ್ಕದ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತದೆ.

“ಎಲ್ರೂ ಮಾಡೋ ತಪ್ಪೇ ಇದು,” ಪಿಸ್ತೂಲು ಖಾಲಿ ಮಾಡಿ ಬಿಚ್ಚುತ್ತಾ ಅವರು ನಗುತ್ತಾರೆ. “ಪಿಸ್ತೂಲಿನ ಮೇಲ್ಭಾಗ, ಈ ಸ್ಲೈಡು, ಹಿಂದಕ್ಕೆ ಹೋಗೋವಾಗ ಗಟ್ಟಿ ಸ್ಪ್ರಿಂಗ್ ತಡೆಯುತ್ತೆ, ಸರಿ. ಮುಂದಕ್ಕೆ ಬರೋವಾಗ ಮೂತೀನ ಕೆಳಕ್ಕೆ ಕುಕ್ಕುತ್ತಲ್ಲ? ನಿನ್ನ ಕೈ ಎರಡೆರಡು ಸಲ ಏಟು ತಿಂತಿದೆ.”

ಸ್ಪ್ರಿಂಗಿನೊಳಗೆ ಕೂರುವ ಪ್ಲಾಸ್ಟಿಕ್ ಕಡ್ಡಿ ಹೊರಗೆ ಬರುತ್ತದೆ. ಅದರ ಜಾಗಕ್ಕೆ ತಾವೇ ಕಡೆದ ಉಕ್ಕಿನ ಕಡ್ಡಿ. ನಳಿಗೆಯ ಕೆಳಗೆ ಅಷ್ಟು ಭಾರ ಕೂತರೆ ಮೂತಿ ಮೇಲಕ್ಕೆ ಹಾರುವುದಿಲ್ಲ. ಆಮೇಲೆ ಒಂದು ಸ್ಪ್ರಿಂಗ್.

“ಅಯ್ಯೋ, ಇಷ್ಟು ಮೆತ್ತಗಿರೋದಾ?” ಸ್ಲೈಡು ಎಳೆದು ನೋಡಿದ ಯಾರ್ಮಿಲಾ ಬೆಚ್ಚುತ್ತಾರೆ.

“ನಿನ್ನ ಬಾಯಿಗಿಂತ ಮೆತ್ತಗಿದೆ ಬಿಡು. ಹೊಡಿ!”

ಗುಂಡು ಹಾರುತ್ತದೆ. ತೋಟಾ ಮೂರನೆಯ ಗೆರೆ ದಾಟಿ ಹುಲ್ಲಿಗೆ ಬೀಳುತ್ತದೆ. “ತೀರಾ ಸಡಿಲ,” ಎನ್ನುತ್ತಾ ವ್ರತಿಸ್ಲಾವ್ ತುಸು ಗಟ್ಟಿಯಾದ ಇನ್ನೊಂದು ಸ್ಪ್ರಿಂಗ್ ಹಾಕುತ್ತಾರೆ. ಒಂದು. ಎರಡು. ಐದು. ಐದೂ ಎರಡನೆಯ ಗೆರೆಯ ಮೇಲೆ, ಒಂದು ಟೋಪಿಯಲ್ಲಿ ಹಿಡಿಯಬಹುದಾದಷ್ಟು ಹತ್ತಿರ! ಕ್ವ್ಯೇತಾ ಕಾರಿನಿಂದ ಇಳಿದು ಬಂದು ಚಪ್ಪಾಳೆ ತಟ್ಟುತ್ತಾರೆ. ಚಾದರ ಯಾರದ್ದೆಂಬುದು ಆ ಕ್ಷಣಕ್ಕೆ ಅವರಿಗೂ ಮರೆತಿದೆ.

ಸ್ಪರ್ಧೆ ಮುಗಿದು ಹನ್ನೆರಡಕ್ಕೆ ಫಲಿತಾಂಶದ ಪಟ್ಟಿ ಅಂಟಿಸುತ್ತಾರೆ. ಯಾರ್ಮಿಲಾ ನಾಲ್ಕನೆಯವರು. ಐದನೆಯವರಿಗಿಂತ ಎರಡೇ ಅಂಕ ಹೆಚ್ಚು. ಜನರನ್ನು ತಳ್ಳಿಕೊಂಡು ಓಡಿ ಬರುತ್ತಾರೆ. ವ್ರತಿಸ್ಲಾವ್ ಬ್ರೆಡ್ಡಿನ ಮೇಲೆ ಹಂದಿಕೊಬ್ಬು ಸವರಿ ಈರುಳ್ಳಿ ಹೆಚ್ಚುತ್ತಿದ್ದಾರೆ.

“ಮಾಮ, ನಾಲ್ಕನೇ ಜಾಗ! ಬನ್ನಿ, ಫೋಟೊ ತೆಗೀತಾರೆ!”

“ಈರುಳ್ಳಿ ಕೈ ನಂದು. ನೀನು ಹೋಗು.” ಚಾಕು ಒರೆಸಿಟ್ಟು ಯಾರ್ಮಿಲಾರ ಮಣಿಕಟ್ಟನ್ನು ಹಿಡಿದು ಮೆಲ್ಲಗೆ ತಿರುಗಿಸಿ ನೋಡುತ್ತಾರೆ. “ನೋವಿದ್ಯಾ?”

“ಇಲ್ಲ.”

“ಹಾಗಾದ್ರೆ ಕೇಳು. ನಾನು ಸುತ್ತಿದ ಸ್ಪ್ರಿಂಗ್ ಐದು ಸಾವಿರ ಗುಂಡಿಗೆ ಸೋಲುತ್ತೆ. ಅಷ್ಟು ಹೊಡೆದು ಮುಗಿಸೋವರೆಗೂ ನನ್ನ ಶೆಡ್ಡಿನ ಕಡೆ ತಲೆ ಹಾಕ್ಬೇಡ.”