ಕಾಲು ಮುರಿದವಳಿಗೆ ಹೆಲ್ಮೆಟ್

ಬಂಧುಗಳೇ, ಇಂದು ಬೆಳಿಗ್ಗೆ ರಬಕವಿಯ ಆಸ್ಪತ್ರೆಯಲ್ಲಿ ನಮ್ಮ ತಮ್ಮನ ಸೊಸೆ ಶಾಂತವ್ವನ ಪಕ್ಕ ಕುಳಿತಿದ್ದೆ. ಮೊನ್ನೆ ಕಟ್ಟಡದ ಕೆಲಸದಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು ಸಾರವೆ ಏರುವಾಗ ಹಲಗೆ ಮುರಿದು ಬಿದ್ದು, ಅವಳ ಕಾಲು ಮುರಿದಿದೆ. ಗುತ್ತಿಗೆದಾರ ಹೊಸ ಹೆಲ್ಮೆಟ್ ಹಿಡಿದು ಬಂದ. ಅಂಗಡಿಯ ಚೀಟಿ ಇನ್ನೂ ಅದಕ್ಕೆ ಅಂಟಿಕೊಂಡೇ ಇತ್ತು.

“ಇದನ್ನ ತಲಿಗಿಟ್ಟು ಒಂದ ಫೋಟೊ ತಗಸ್ಕೋಬೇ. ಆಮ್ಯಾಲ ಈ ಕಾಗದಕ್ಕ ಹೆಬ್ಬಟ್ಟ ಒತ್ತು.”

ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ‘ಹೆಲ್ಮೆಟ್ ಕೊಟ್ಟಿದ್ದರು, ನಾನೇ ಹಾಕಿಕೊಳ್ಳಲಿಲ್ಲ, ತಪ್ಪು ನನ್ನದು’ ಎಂದಿತ್ತು. ಹೆಲ್ಮೆಟ್ ಕೊಟ್ಟಿದ್ದಕ್ಕೆ ಸಾಕ್ಷಿ ಆ ಫೋಟೊ. ಹೆಬ್ಬೆಟ್ಟು ಒತ್ತಿದರೆ ಪರಿಹಾರದ ಹಕ್ಕಿಗೇ ಕುತ್ತು.

ಶಾಂತವ್ವ ಹೆಲ್ಮೆಟ್ ತಿರುಗಿಸಿ ನೋಡಿದಳು. “ಸಾವ್ಕಾರ್ರ, ನಾ ತಲಿಮ್ಯಾಲ ಸಿಂಬಿ ಇಟ್ಟು ಬುಟ್ಟಿ ಹೊರಾಕಿ. ಈ ಗುಂಡನ್ನ ಟೊಪಗಿ ಮ್ಯಾಲ ಬುಟ್ಟಿ ಹ್ಯಾಂಗ ನಿಲ್ಲತೈತ್ರಿ? ನೀವ ಹೊತ್ತು ತೋರಸ್ರಿ.”

“ಅದೆಲ್ಲಾ ಯಾರ ಕೇಳ್ತಾರ?”

“ಲೇಬರ್ ಆಫೀಸಿನ್ಯಾಗ ಕೇಳ್ತಾರ್ರಿ. ಮುರದಿದ್ದು ನಿಮ್ಮ ಹಲಗಿ, ನನ್ನ ಕಾಲು. ತಲಿ ಛಲೋ ಐತ್ರಿ, ಅದರ ಚಿಂತಿ ಬಿಡ್ರಿ.”

ಅಕ್ಕಪಕ್ಕದ ಹಾಸಿಗೆಯವರೆಲ್ಲ ನಕ್ಕರು. ಅವನು ಕಾಗದ ಮಡಚಿಕೊಂಡು ಹೋದ.

ಸೋಮವಾರ ಜಮಖಂಡಿಯ ಕಾರ್ಮಿಕ ಕಚೇರಿಗೆ ಹೋಗುತ್ತೇವೆ. ಅವಳನ್ನು ಅಲ್ಲಿನ ಮೆಟ್ಟಿಲು ಹೇಗೆ ಹತ್ತಿಸುತ್ತೀರಿ ಎಂದು ಕೇಳಬೇಡಿ. ಅವಳ ಜೊತೆ ಬುಟ್ಟಿ ಹೊರುವ ನಾಲ್ವರು ಹೆಂಗಸರು ಬರುತ್ತಿದ್ದಾರೆ. ಶಾಂತವ್ವನ ಭಾರ ಅವರಿಗೆ ಭಾರವೇ ಅಲ್ಲ.